ಅವನ ಹಾಡಿಗೆ ಅವಳ ಜವಾಬು



ಕಳೆದ ತಿಂಗಳು ಡೊಂಬಿವಲಿಯಿಂದ ಒಬ್ಬ ಕೇಳುಗರು ಫೋನ್ ಮಾಡಿದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ, ಆದರೆ ಬಿಡುವ ಹಾಗೂ ಇರಲಿಲ್ಲ. ನಮ್ಮ ಕೋರಿಕೆಯ ಕಾರ್ಯಕ್ರಮಕ್ಕೆ ಅವರು ಒಂದು ಜನಪದ ಗೀತೆ ಕೇಳಿ ಬರೆದಿದ್ದರು. ಕುಡಿದು ಮನೆಗೆ ಬರುವ ಗಂಡನಿಗೆ ಹೆಂಡತಿ ಬಾಗಿಲಲ್ಲೇ ನಿಂತು ಉತ್ತರ ಕೊಡುವ ಪದ ಅದು. ನಾನು ಅದನ್ನು ಹಾಕಿರಲಿಲ್ಲ. ಮಾತು ಸ್ವಲ್ಪ ಒರಟಾಯಿತು, ಸಂಜೆ ಹೊತ್ತು ಮನೆಮಂದಿಯೆಲ್ಲ ಕೂತು ಕೇಳುವ ಸಮಯ ಅಂತ ಪಕ್ಕಕ್ಕಿಟ್ಟು, ಅದೇ ಜಾಗದಲ್ಲಿ ಗಂಡನೊಬ್ಬ ಹೆಂಡತಿಯ ಅಡುಗೆಯನ್ನೂ ನಡಿಗೆಯನ್ನೂ ಆಡಿಕೊಳ್ಳುವ ಇನ್ನೊಂದು ಪದ ಹಾಕಿದ್ದೆ. ಅವರು ಕೇಳಿದ್ದು ಇಷ್ಟೇ: “ಅವನು ಅಂದರೆ ತಮಾಷೆ, ಅವಳು ಅಂದರೆ ಒರಟಾ?”

ಫೋನಿನಲ್ಲಿ ನಾನು ಏನೋ ಹೇಳಿ ಜಾರಿಕೊಂಡೆ. ಸ್ಟುಡಿಯೋದಿಂದ ಹೊರಬಂದು ಲೋಕಲ್ ಹತ್ತಿದ ಮೇಲೆ, ಬಿ.ಎ. ಓದುವಾಗ ಹಾಸ್ಟೆಲಿನ ಗೆಳೆಯನ ಕ್ಯಾಸೆಟ್ಟಿನಲ್ಲಿ ಕೇಳಿದ್ದ ಒಂದು ಹಳೆಯ ಅಮೆರಿಕನ್ ಹಾಡು ನೆನಪಾಯಿತು. ಅದಕ್ಕೂ ರೇಡಿಯೋದವರು ಹೀಗೇ ಮಾಡಿದ್ದರು. ನಮ್ಮ ಅರ್ಧ ಗಂಟೆ ಕನ್ನಡ ಹಾಡಿಗೇ ಮೀಸಲು, ಆ ಹಾಡನ್ನು ಅಲ್ಲಿ ಹಾಕುವಂತಿಲ್ಲ. ಹಾಗಾಗಿ ಅದರ ಕಥೆಯನ್ನು ಈ ಪುಟದಲ್ಲಿ ಹೇಳುತ್ತೇನೆ.

ಹಾಡಿನ ಹೆಸರು ಉದ್ದ: ‘ಇಟ್ ವಾಸಂಟ್ ಗಾಡ್ ಹೂ ಮೇಡ್ ಹಾಂಕಿ ಟಾಂಕ್ ಏಂಜಲ್ಸ್’. ಹಾಡಿದವರು ಕಿಟ್ಟಿ ವೆಲ್ಸ್. ವರ್ಷ 1952. ಹಾಂಕಿ ಟಾಂಕಿನ ಅಪ್ಸರೆಯರನ್ನು ಸೃಷ್ಟಿಸಿದ್ದು ದೇವರಲ್ಲ ಅಂತ ಅದರ ಅರ್ಥ. ಹಾಗಾದರೆ ಯಾರು ಅನ್ನುವುದೇ ಹಾಡು.

ಹಾಂಕಿ ಟಾಂಕ್ ಅಂದರೆ ಏನು ಅಂತ ಮೊದಲು ಹೇಳಬೇಕು. ಅಮೆರಿಕದಲ್ಲಿ ಪಾನನಿಷೇಧ ಮುಗಿದದ್ದು 1933ರಲ್ಲಿ. ಆಮೇಲೆ ಟೆಕ್ಸಾಸ್, ಓಕ್ಲಹೋಮಾ ಕಡೆ, ಊರ ಹೊರಗೆ ಹೆದ್ದಾರಿ ಬದಿಯಲ್ಲಿ ಬಿಯರ್ ಕುಡಿದು ಕುಣಿಯುವ ಅಗ್ಗದ ಹೋಟೆಲುಗಳು ಎದ್ದವು. ತೈಲದ ಬಾವಿಗಳಲ್ಲಿ ದುಡಿಯುವವರು, ಲಾರಿ ಓಡಿಸುವವರು ಸಂಜೆ ಸೇರುವ ಜಾಗ. ಮೂಲೆಯಲ್ಲಿ ಒಂದು ಜೂಕ್‌ಬಾಕ್ಸ್. ನಾಣ್ಯ ಹಾಕಿ ಗುಂಡಿ ಒತ್ತಿದರೆ ನೀವು ಕೇಳಿದ ತಟ್ಟೆ ತಾನೇ ತಿರುಗಿ ಹಾಡುವ ಯಂತ್ರ. ಮುಂಬೈಯ ಕೆಲವು ಇರಾನಿ ಹೋಟೆಲುಗಳಲ್ಲಿ ನಿಮ್ಮಲ್ಲಿ ಹಿರಿಯರು ಅದನ್ನು ನೋಡಿರಬಹುದು. ಗ್ಲಾಸುಗಳ ಸದ್ದು, ಮಾತಿನ ಗದ್ದಲದ ನಡುವೆಯೂ ಕೇಳಬೇಕು ಅಂತ ಅಲ್ಲಿಯ ಸಂಗೀತಕ್ಕೆ ಕರೆಂಟಿನ ಗಿಟಾರು ಬಂತು. ಹಳ್ಳಿಯ ಜಗಲಿ, ಚರ್ಚು, ತಾಯಿ, ಹೊಲ ಅಂತಿದ್ದ ಕಂಟ್ರಿ ಹಾಡುಗಳಿಗೆ ಕುಡಿತ, ಮೋಸ, ಒಡೆದ ಸಂಸಾರ ಅನ್ನುವ ಹೊಸ ವಸ್ತುಗಳು ಬಂದವು.

ಯುದ್ಧ ಮುಗಿದ ಮೇಲೆ ಈ ವಸ್ತುಗಳಿಗೆ ಬರವಿರಲಿಲ್ಲ. ಗಂಡಸರು ಯುದ್ಧಕ್ಕೆ ಹೋಗಿದ್ದಾಗ ಲಕ್ಷಾಂತರ ಹೆಂಗಸರು ಕಾರ್ಖಾನೆಗಳಲ್ಲಿ ದುಡಿದಿದ್ದರು, ಸಂಬಳ ಕಂಡಿದ್ದರು. ಗಂಡಸರು ಮರಳಿದಾಗ ‘ಇನ್ನು ನೀವು ಮನೆಗೆ ಹೋಗಿ’ ಅಂದರು. ಅವಸರದಲ್ಲಿ ಆಗಿದ್ದ ಮದುವೆಗಳು ಅಷ್ಟೇ ಅವಸರದಲ್ಲಿ ಮುರಿದವು. 1946ರಲ್ಲಿ ಅಮೆರಿಕದಲ್ಲಿ ಆದಷ್ಟು ವಿಚ್ಛೇದನಗಳು ಅದಕ್ಕೆ ಹಿಂದೆ ಯಾವ ವರ್ಷವೂ ಆಗಿರಲಿಲ್ಲ. ಆದರೆ ಈ ಮುರಿದ ಮನೆಗಳ ಬಗ್ಗೆ ಬಂದ ಹಾಡುಗಳಲ್ಲಿ ಹೆಚ್ಚಿನವು ಗಂಡಸಿನ ಬಾಯಲ್ಲೇ ಇದ್ದವು.

ಅವುಗಳಲ್ಲಿ ದೊಡ್ಡದು ‘ದ ವೈಲ್ಡ್ ಸೈಡ್ ಆಫ್ ಲೈಫ್’. ಆರ್ಲಿ ಕಾರ್ಟರ್, ವಿಲಿಯಂ ವಾರನ್ ಇಬ್ಬರೂ ಸೇರಿ ಬರೆದದ್ದು. ಹಾಡಿದವರು ಟೆಕ್ಸಾಸಿನ ಹ್ಯಾಂಕ್ ಥಾಂಪ್ಸನ್. ಕ್ಯಾಪಿಟಲ್ ಕಂಪನಿ ಇದನ್ನು ತಟ್ಟೆಯ ಹಿಂಬದಿಗೆ ಹಾಕಿತ್ತು, ಮುಂಬದಿಯ ಹಾಡೇ ಓಡುತ್ತದೆ ಅಂತ ಅವರ ಲೆಕ್ಕ. ಕೇಳುಗರು ತಟ್ಟೆಯನ್ನು ತಿರುವಿ ಹಾಕಿದರು. ಹೆಂಡತಿ ಬಿಟ್ಟು ಹೋಗಿದ್ದಾಳೆ, ದೀಪ ಮಿನುಗುವ ಹೆಂಡದ ಹೋಟೆಲುಗಳಲ್ಲಿ ಕಾಲ ಕಳೆಯುತ್ತಾಳೆ, ಇಂಥವಳನ್ನು ದೇವರೇ ಹೀಗೆ ಮಾಡಿದ, ಅದು ನನಗೆ ಮೊದಲೇ ತಿಳಿಯಬೇಕಿತ್ತು ಅಂತ ಗಂಡ ಹಲುಬುತ್ತಾನೆ. ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ ಈ ಹಾಡು 15 ವಾರ ಮೊದಲ ಸ್ಥಾನ ಬಿಟ್ಟು ಇಳಿಯಲಿಲ್ಲ. ಮೂರೂವರೆ ತಿಂಗಳು! 1952ರ ಬೇಸಿಗೆಯಲ್ಲಿ ಯಾವ ಊರಿನ ಯಾವ ಜೂಕ್‌ಬಾಕ್ಸ್ ಒತ್ತಿದರೂ ಇದೇ ಅಳು.

ಇದರ ಧಾಟಿ ಮಾತ್ರ ಹೊಸದಲ್ಲ. ಕಾರ್ಟರ್ ಫ್ಯಾಮಿಲಿ 1929ರಲ್ಲಿ ಅದೇ ಧಾಟಿಯಲ್ಲಿ ಒಂದು ಪ್ರೇಮಗೀತೆ ಹಾಡಿದ್ದರು. 1936ರಲ್ಲಿ ರಾಯ್ ಅಕಫ್ ಅದೇ ಧಾಟಿಗೆ ಕೂರಿಸಿದ ‘ದ ಗ್ರೇಟ್ ಸ್ಪೆಕಲ್ಡ್ ಬರ್ಡ್’ ಎಂಬ ಭಕ್ತಿಗೀತೆ ಹಾಡಿ ಹೆಸರಾದರು. ಅಂದರೆ ಪ್ರೇಮಕ್ಕೂ ಅದೇ ಮಟ್ಟು, ಭಕ್ತಿಗೂ ಅದೇ ಮಟ್ಟು, ಹೆಂಡದಂಗಡಿಗೂ ಅದೇ ಮಟ್ಟು. ನಮ್ಮ ಕಂಪನಿ ನಾಟಕದವರು ಮರಾಠಿ ನಾಟ್ಯಗೀತೆಯ ಮಟ್ಟಿಗೆ ಕನ್ನಡ ಪದ ಹೊಸೆದ ಹಾಗೆ ಅನ್ನಿ. ಜನರಿಗೆ ಮೊದಲೇ ಬಾಯಿಗೆ ಬರುವ ಧಾಟಿ, ಅದಕ್ಕೇ ಅಷ್ಟು ಬೇಗ ಹಬ್ಬಿತು.

ಲೂಸಿಯಾನಾದ ಕ್ರೌಲಿ ಎಂಬ ಪುಟ್ಟ ಊರಿನಲ್ಲಿ ಜೆ.ಡಿ. ಮಿಲ್ಲರ್ ಎಂಬವರು ರೆಕಾರ್ಡಿಂಗ್ ಸ್ಟುಡಿಯೋ ಇಟ್ಟಿದ್ದರು. ಥಾಂಪ್ಸನ್ ಹಾಡು ಕೇಳಿ, ಇದಕ್ಕೆ ಅವಳ ಕಡೆಯಿಂದಲೂ ಒಂದು ಮಾತು ಇರಬೇಕಲ್ಲ ಅಂತ ಅವರಿಗೆ ಹೊಳೆಯಿತು. ಅದೇ ಧಾಟಿಗೆ ಜವಾಬು ಬರೆದರು. ಮೊದಲು ತಮ್ಮದೇ ಸಣ್ಣ ಲೇಬಲ್‌ನಲ್ಲಿ ಬೇರೆ ದನಿಯಲ್ಲಿ ತಂದರು, ಓಡಲಿಲ್ಲ.

ಜವಾಬಿನಲ್ಲಿ ಏನಿದೆ? ಒಬ್ಬ ಹೆಂಗಸು ಕೂತಿದ್ದಾಳೆ. ಜೂಕ್‌ಬಾಕ್ಸಿನಲ್ಲಿ ಆ ಗಂಡಸಿನ ಹಾಡೇ ನಡೆಯುತ್ತಿದೆ. ಕೇಳುತ್ತ ಕೇಳುತ್ತ ಅವಳಿಗೆ ತನ್ನದೇ ಹಳೆಯ ದಿನಗಳು ನೆನಪಾಗುತ್ತವೆ. ನಂಬಿದ್ದಳು, ಮೋಸ ಹೋದಳು. ಮದುವೆಯಾದ ಗಂಡಸರು ತಾವಿನ್ನೂ ಒಂಟಿ ಅನ್ನುವ ಹಾಗೆ ಓಡಾಡುತ್ತಾರೆ, ಒಳ್ಳೆಯ ಹುಡುಗಿಯರು ದಾರಿ ತಪ್ಪಿದ್ದು ಅದರಿಂದ. ತಪ್ಪನ್ನೆಲ್ಲ ಹೆಂಗಸಿನ ಮೇಲೆ ಹಾಕಬೇಡಿ, ದೇವರ ತಲೆಗಂತೂ ಕಟ್ಟಲೇಬೇಡಿ. ಇಷ್ಟೇ. ಇದರಲ್ಲಿ ಬಂಡಾಯದ ಘೋಷಣೆಯೇನೂ ಇಲ್ಲ. ಗಂಡನನ್ನು ಬಿಟ್ಟು ಹೋಗುತ್ತೇನೆ ಅಂತ ಅವಳು ಅನ್ನುವುದಿಲ್ಲ, ಹೆಂಡದಂಗಡಿ ಒಳ್ಳೆಯದು ಅಂತಲೂ ಅನ್ನುವುದಿಲ್ಲ. ತಪ್ಪಿನಲ್ಲಿ ನಿನ್ನ ಪಾಲೂ ಇದೆ ಅಂತ ಲೆಕ್ಕ ಕೇಳುತ್ತಾಳೆ, ಅಷ್ಟೇ.

ಉತ್ತರ ಕರ್ನಾಟಕದಿಂದ ಬಂದವರಿಗೆ ಇದು ಹೊಸದು ಅನಿಸಲಿಕ್ಕಿಲ್ಲ. ನಮ್ಮ ಗೀಗೀ ಮೇಳಗಳಲ್ಲಿ ಹರದೇಶಿ, ನಾಗೇಶಿ ಅಂತ ಎರಡು ಪಕ್ಷ ಇಲ್ಲವೇ? ದಪ್ಪು, ತುಂತುಣಿ ಹಿಡಿದು ಹರದೇಶಿಯವರು ಗಂಡೇ ಹೆಚ್ಚು ಅಂತ ಸವಾಲು ಹಾಕಿದರೆ, ನಾಗೇಶಿಯವರು ಹೆಣ್ಣೇ ಹೆಚ್ಚು ಅಂತ ರಾತ್ರಿಯೆಲ್ಲ ಜವಾಬು ಕಟ್ಟುತ್ತಾರೆ. ಅಲ್ಲಿ ಎರಡೂ ಮೇಳಗಳಿಗೆ ಒಂದೇ ಕಟ್ಟೆ, ಒಂದೇ ಜನ. ಅಮೆರಿಕದ ಈ ಸವಾಲಿಗೆ ಕಟ್ಟೆ ಸಿಕ್ಕಿತ್ತು, ಜವಾಬಿಗೆ ಸಿಗುವುದು ಕಷ್ಟವಾಯಿತು.

ಈಗ ಕಿಟ್ಟಿ ವೆಲ್ಸ್ ಕಡೆ ಬರೋಣ. ಹುಟ್ಟುಹೆಸರು ಎಲೆನ್ ಮ್ಯೂರಿಯಲ್ ಡೀಸನ್. 1919ರ ಆಗಸ್ಟ್ 30ರಂದು ನ್ಯಾಶ್ವಿಲ್ ನಗರದಲ್ಲೇ ಹುಟ್ಟಿದವರು. 18ನೇ ವಯಸ್ಸಿಗೆ, 1937ರಲ್ಲಿ, ಜಾನಿ ರೈಟ್ ಎಂಬ ಗಾಯಕನನ್ನು ಮದುವೆಯಾದರು. ಜಾನಿ ಮತ್ತು ಜ್ಯಾಕ್ ಆಂಗ್ಲಿನ್ ಇಬ್ಬರದೂ ಜೋಡಿ ಹಾಡುಗಾರಿಕೆ. ಕಾರಿನಲ್ಲಿ ಊರೂರು ತಿರುಗಿ, ಸ್ಥಳೀಯ ರೇಡಿಯೋಗಳಲ್ಲಿ ಹಾಡಿ ಹೊಟ್ಟೆ ಹೊರೆಯುವ ಸಂಸಾರ. ಕಿಟ್ಟಿ ವೆಲ್ಸ್ ಅನ್ನುವ ಹೆಸರು ಗಂಡ ಒಂದು ಹಳೆಯ ಹಾಡಿನಿಂದ ಆರಿಸಿ ಇಟ್ಟದ್ದು. ಗಂಡನ ಕಾರ್ಯಕ್ರಮದ ನಡುವೆ ಅವರು ಒಂದೆರಡು ಹಾಡು ಹಾಡುತ್ತಿದ್ದರು. ಮುಖ್ಯ ಗಾಯಕಿಯಾಗಿ ಹೆಂಗಸಿನ ಹೆಸರು ಹಾಕಬೇಡ, ಜನ ಬರುವುದಿಲ್ಲ ಅಂತ ರಾಯ್ ಅಕಫ್ ಅವರೇ ಜಾನಿಗೆ ಬುದ್ಧಿ ಹೇಳಿದ್ದರಂತೆ. ಹೌದು, ಅದೇ ಧಾಟಿಯಲ್ಲಿ ಭಕ್ತಿಗೀತೆ ಹಾಡಿದ್ದ ಅಕಫ್!

ಅಕಫ್ ಒಬ್ಬರೇ ಹಾಗೆ ಹೇಳಿದ್ದಲ್ಲ, ಇಡೀ ವ್ಯಾಪಾರಕ್ಕೇ ಅದೇ ನಂಬಿಕೆ. ತಟ್ಟೆ ಕೊಳ್ಳುವವರಲ್ಲಿ ಹೆಂಗಸರೇ ಹೆಚ್ಚು, ಅವರು ಗಂಡಸರ ದನಿಯನ್ನೇ ಕೊಳ್ಳುತ್ತಾರೆ ಅನ್ನುವುದು ಕಂಪನಿಗಳ ವಾದ. 1949ರಲ್ಲಿ ಆರ್‌ಸಿಎ ವಿಕ್ಟರ್ ಕಂಪನಿ ಕಿಟ್ಟಿಯವರ ಕೆಲವು ಹಾಡುಗಳನ್ನು ತಂದಿತು, ಅವು ಮಾರಾಟವಾಗಲಿಲ್ಲ, ಕೈಬಿಟ್ಟಿತು. ಹಾಗಂತ ಹೆಂಗಸರ ಹಾಡು ಅದಕ್ಕೆ ಹಿಂದೆ ಓಡಿಯೇ ಇರಲಿಲ್ಲ ಅಂತಲ್ಲ. 1935ರಲ್ಲೇ ಪ್ಯಾಟ್ಸಿ ಮೊಂಟಾನಾ ಹಾಡಿದ ಕೌಬಾಯ್ ಹಾಡೊಂದು ದೇಶವೆಲ್ಲ ಹಬ್ಬಿತ್ತು. 1949ರಲ್ಲಿ ಮಾರ್ಗರೆಟ್ ವೈಟಿಂಗ್ ಗಂಡಸೊಬ್ಬನ ಜೊತೆ ಯುಗಳಗೀತೆ ಹಾಡಿ ಪಟ್ಟಿಯ ತುದಿಗೂ ಹೋಗಿದ್ದರು. ಆದರೆ ಬಿಲ್‌ಬೋರ್ಡ್ 1944ರಲ್ಲಿ ಈ ಪಟ್ಟಿ ಶುರು ಮಾಡಿದ ಮೇಲೆ, ಒಬ್ಬಳೇ ಹಾಡಿ ಮೊದಲ ಸ್ಥಾನ ಮುಟ್ಟಿದ ಹೆಂಗಸು ಇರಲಿಲ್ಲ.

1952ರ ಹೊತ್ತಿಗೆ ಕಿಟ್ಟಿಗೆ 32 ವರ್ಷ, ಮೂವರು ಮಕ್ಕಳು. ಹಾಡು ಸಾಕು, ಮನೆ ನೋಡಿಕೊಳ್ಳೋಣ ಅನ್ನುವ ಮನಸ್ಸಿಗೆ ಬಂದಿದ್ದರು. ಆಗ ಡೆಕ್ಕಾ ಕಂಪನಿಯ ಪಾಲ್ ಕೋಹೆನ್ ಮಿಲ್ಲರ್ ಬರೆದ ಜವಾಬನ್ನು ಹಾಡಿಸಲು ದನಿ ಹುಡುಕುತ್ತಿದ್ದರು. ಗಂಡ ಬಂದು ಹೇಳಿದಾಗ ಕಿಟ್ಟಿಗೆ ಹಾಡಿನ ಮೇಲೆ ಅಂಥ ಭರವಸೆಯೇನೂ ಬರಲಿಲ್ಲ. ಒಪ್ಪಿದ್ದು ರೆಕಾರ್ಡಿಂಗಿಗೆ ಯೂನಿಯನ್ ದರದಂತೆ ಸಿಗುವ 125 ಡಾಲರಿಗಾಗಿ ಅಂತ ಅವರೇ ಮುಂದೆ ಎಷ್ಟೋ ಸಲ ಹೇಳಿಕೊಂಡಿದ್ದಾರೆ. ಆಗಿನ ವಿನಿಮಯದಲ್ಲಿ ನಮ್ಮ ಸುಮಾರು 600 ರೂಪಾಯಿ. ಮೂರು ಮಕ್ಕಳ ಮನೆಗೆ ಸಣ್ಣ ಮೊತ್ತವಲ್ಲ. ಹೆಂಗಸರ ಪರವಾಗಿ ಇತಿಹಾಸ ಬರೆಯಲು ಹೊರಟವರು ಅಂತ ಕಿಟ್ಟಿಯವರನ್ನು ಬಣ್ಣಿಸುವವರು ಈ 125 ಡಾಲರನ್ನು ಮರೆಯಬಾರದು. ನನಗೆ ಅವರ ಮೇಲಿನ ಗೌರವ ಇದರಿಂದ ಹೆಚ್ಚೇ ಆಗುತ್ತದೆ.

ರೆಕಾರ್ಡಿಂಗ್ ನಡೆದದ್ದು 1952ರ ಮೇ 3ರಂದು, ನ್ಯಾಶ್ವಿಲ್‌ನ ಟ್ಯುಲೇನ್ ಹೋಟೆಲಿನಲ್ಲಿದ್ದ ಕ್ಯಾಸಲ್ ಸ್ಟುಡಿಯೋದಲ್ಲಿ. ಆ ಸ್ಟುಡಿಯೋ ಕಟ್ಟಿದವರು ಡಬ್ಲ್ಯೂಎಸ್‌ಎಂ ರೇಡಿಯೋದ ಎಂಜಿನಿಯರುಗಳು. ಈ ರೇಡಿಯೋದ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಹಾಡನ್ನು ಕೇಳುವಾಗ ಎರಡು ಸಂಗತಿ ಗಮನಿಸಿ. ಮೊದಲನೆಯದು ದನಿಯ ಪಕ್ಕದಲ್ಲೇ ಅಳುವ ಹಾಗೆ ಜಾರುವ ವಾದ್ಯ. ಅದು ಸ್ಟೀಲ್ ಗಿಟಾರ್, ಇದರಲ್ಲಿ ನುಡಿಸಿದವರು ಶಾಟ್ ಜ್ಯಾಕ್ಸನ್. ತಂತಿಯನ್ನು ಬೆರಳಿನಿಂದ ಒತ್ತದೆ, ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತಾರೆ. ಹೀಗಾಗಿ ಸ್ವರದಿಂದ ಸ್ವರಕ್ಕೆ ಹಾರುವ ಬದಲು ಮೀಂಡಿನಂತೆ ಎಳೆಯಬಹುದು. ಮೂಲ ಹವಾಯಿ ದ್ವೀಪದ್ದು. ನಮ್ಮ ಆಕಾಶವಾಣಿಯಲ್ಲಿ ಎರಡು ಕಾರ್ಯಕ್ರಮಗಳ ನಡುವೆ ನಿಮಿಷ ತುಂಬಿಸಲು ಹಾಕುತ್ತಿದ್ದ ಸಿನಿಮಾ ಹಾಡಿನ ವಾದ್ಯಸಂಗೀತ ನೆನಪಿದೆಯೇ? ಆ ಹವಾಯಿಯನ್ ಗಿಟಾರೇ ಇದರ ಅಕ್ಕ. ವಿಚಿತ್ರವೀಣೆ ಕೇಳಿದವರಿಗಂತೂ ಈ ಜಾರು ಪರಿಚಿತ.

ಎರಡನೆಯದು ಕಿಟ್ಟಿಯವರ ದನಿ. ಚರ್ಚಿನಲ್ಲಿ ಹಾಡಿ ಬೆಳೆದ, ಸ್ವಲ್ಪ ಮೂಗಿನಲ್ಲಿ ಬರುವ, ಅಲಂಕಾರವಿಲ್ಲದ ದನಿ. ಕೂಗುವುದಿಲ್ಲ, ವ್ಯಂಗ್ಯ ಮಾಡುವುದಿಲ್ಲ, ಬಿಕ್ಕುವುದೂ ಇಲ್ಲ. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ವಿಷಯ ಹೇಳಿದ ಹಾಗೆ ಹೇಳುತ್ತಾರೆ. ನನ್ನ ಲೆಕ್ಕದಲ್ಲಿ ಹಾಡು ಗೆದ್ದದ್ದು ಇದರಿಂದಲೇ. ಇದೇ ಮಾತನ್ನು ರೇಗಿ ಹಾಡಿದ್ದರೆ ‘ಇವಳೂ ಅಂಥವಳೇ’ ಅಂತ ತಳ್ಳಿಹಾಕುವುದು ಸುಲಭವಿತ್ತು. ಗಿಂಗಂ ಬಟ್ಟೆಯ ನಿಲುವಂಗಿ ತೊಟ್ಟ, ಮೂರು ಮಕ್ಕಳ ತಾಯಿ ಶಾಂತವಾಗಿ ಹೇಳಿದಾಗ ಏನೆನ್ನುವುದು? ಅಂದಹಾಗೆ ತಟ್ಟೆಯ ಹಿಂಬದಿಯ ಹಾಡಿನಲ್ಲಿ ಅವಳು ಗಂಡಸಿಗೆ ಹೇಳುವುದು, ನಿನ್ನ ದುಡ್ಡು ಬೇಡ, ನಿನ್ನ ಸಮಯ ಕೊಡು ಅಂತ. ಮುಂಬೈಯಲ್ಲಿ ರಾತ್ರಿ ಹತ್ತಕ್ಕೆ ಮನೆ ಸೇರುವ ಗಂಡಂದಿರು ಅದನ್ನೂ ಕೇಳಬಹುದು!

ಹಾಡು ಹೊರಬಂತು. ಎನ್‌ಬಿಸಿ, ಅಂದರೆ ದೇಶವ್ಯಾಪಿ ರೇಡಿಯೋ ಜಾಲ, ಇದನ್ನು ಪ್ರಸಾರ ಮಾಡುವುದಿಲ್ಲ ಅಂದಿತು. ಅಸಭ್ಯ ಸೂಚನೆ ಇದೆ ಅನ್ನುವುದು ಕಾರಣ. ನ್ಯಾಶ್ವಿಲ್‌ನ ಡಬ್ಲ್ಯೂಎಸ್‌ಎಂ ರೇಡಿಯೋ ಪ್ರತಿ ಶನಿವಾರ ರಾತ್ರಿ ಪ್ರಸಾರ ಮಾಡುವ ‘ಗ್ರ್ಯಾಂಡ್ ಓಲೆ ಆಪ್ರಿ’ ಕಾರ್ಯಕ್ರಮದಲ್ಲೂ ಮೊದಲಿಗೆ ಕಿಟ್ಟಿಗೆ ಈ ಹಾಡು ಹಾಡಲು ಬಿಡಲಿಲ್ಲ.

ಆಪ್ರಿಯ ಬಾಗಿಲು ಮುಚ್ಚುವುದೆಂದರೆ ಏನು ಅಂತ ತಿಳಿಯಲು ಆ ರೇಡಿಯೋದ ಶಕ್ತಿ ತಿಳಿಯಬೇಕು. 1925ರಲ್ಲಿ ಒಂದು ವಿಮಾ ಕಂಪನಿ ಶುರು ಮಾಡಿದ ರೇಡಿಯೋ ಅದು. 1932ರಿಂದ 50,000 ವ್ಯಾಟ್. ಹಗಲಿನಲ್ಲಿ ಮೀಡಿಯಂ ವೇವ್ ನೆಲದ ಮೇಲೆ ಹರಿದು ಸ್ವಲ್ಪ ದೂರಕ್ಕೆ ಸೋತು ಹೋಗುತ್ತದೆ. ರಾತ್ರಿ ಮೇಲಿನ ವಾಯುಪದರ ಅದನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುವುದರಿಂದ ನೂರಾರು ಮೈಲಿ ಆಚೆ ಇಳಿಯುತ್ತದೆ. ಪುಣೆ, ಮುಂಬೈಗಳಲ್ಲಿ ರಾತ್ರಿ ಊಟವಾದ ಮೇಲೆ ಧಾರವಾಡ ಆಕಾಶವಾಣಿ ಸಿಗುತ್ತದೇನೋ ಅಂತ ಟ್ರಾನ್ಸಿಸ್ಟರನ್ನು ಕಿಟಕಿಯ ಹತ್ತಿರ ಆ ಕಡೆ ಈ ಕಡೆ ತಿರುಗಿಸಿದ ಹಿರಿಯರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ. ಹಾಗೆ ಹತ್ತಾರು ರಾಜ್ಯಗಳ ಹಳ್ಳಿಮನೆಗಳು ಶನಿವಾರ ರಾತ್ರಿ ಆಪ್ರಿಗೆ ಕಿವಿಗೊಡುತ್ತಿದ್ದವು. ಅಲ್ಲಿ ಹಾಡದ ಹಾಡು ಆ ಮನೆಗಳಿಗೆ ಇಲ್ಲ.

ಆದರೆ ಒಂದು ಮಾತು ಗಮನಿಸಿ. ಥಾಂಪ್ಸನ್ ಹಾಡಿನಲ್ಲೂ ಹೆಂಡದಂಗಡಿ ಇದೆ, ದಾರಿ ತಪ್ಪಿದವಳು ಇದ್ದಾಳೆ, ಮುರಿದ ಮದುವೆ ಇದೆ, ದೇವರೂ ಇದ್ದಾನೆ. ‘ಹಾಂಕಿ ಟಾಂಕ್ ಏಂಜಲ್’ ಅನ್ನುವ ಮಾತು ಹುಟ್ಟಿದ್ದೇ ಆ ಹಾಡಿನಲ್ಲಿ. ಧಾಟಿಯೂ ಅದೇ. ಅದು 15 ವಾರ ಮೊದಲ ಸ್ಥಾನದಲ್ಲಿ ಕೂತಿದ್ದಾಗ ಅಸಭ್ಯ ಅನಿಸದ ಪದಗಳು, ಅವಳ ಬಾಯಿಂದ ಬಂದಾಗ ಅಸಭ್ಯವಾದವು. ಹಾಡಿಗೆ ಹಾಡನ್ನು ಪಕ್ಕದಲ್ಲಿಟ್ಟು ನೋಡಿದರೆ ಹೊಸದಾಗಿ ಸೇರಿದ್ದು ಒಂದೇ, ಮದುವೆಯಾದ ಗಂಡಸಿನ ಮೇಲಿನ ದೂರು. ಡೊಂಬಿವಲಿಯ ಆ ಕೇಳುಗರು ನನ್ನನ್ನು ಕೇಳಿದ್ದು ಇದನ್ನೇ ಅಲ್ಲವೇ? ನಾನು ಪದಗಳ ಒರಟುತನ ಅಳೆಯುತ್ತಿದ್ದೇನೆ ಅಂದುಕೊಂಡಿದ್ದೆ. ಅಳೆದದ್ದು ಯಾರು ಆಡಿದರು ಅನ್ನುವುದನ್ನು.

ರೇಡಿಯೋದವರು ಬಾಗಿಲು ಹಾಕಿದರೆ ಹಾಡು ಸಾಯಬೇಕಿತ್ತು. ಸಾಯಲಿಲ್ಲ. ಯಾಕೆಂದರೆ 1952ರ ಅಮೆರಿಕದಲ್ಲಿ ಹಾಡಿಗೆ ಬೇರೆ ದಾರಿಗಳಿದ್ದವು. ಯುದ್ಧ ಮುಗಿದಾಗ ಸಾವಿರದೊಳಗಿದ್ದ ರೇಡಿಯೋ ನಿಲಯಗಳ ಸಂಖ್ಯೆ 1950ರ ಹೊತ್ತಿಗೆ ಎರಡು ಸಾವಿರ ದಾಟಿತ್ತು. ಈ ಹೊಸ ಸಣ್ಣ ನಿಲಯಗಳಿಗೆ ದೊಡ್ಡ ವಾದ್ಯವೃಂದ ಸಾಕುವ ಶಕ್ತಿಯಿರಲಿಲ್ಲ. ಒಬ್ಬ ಉದ್ಘೋಷಕ, ಒಂದು ಮೈಕು, ಒಂದಷ್ಟು ತಟ್ಟೆ, ಅಷ್ಟರಲ್ಲೇ ನಡೆಯುತ್ತಿದ್ದವು. ಊರಿನ ಜನ ಫೋನ್ ಮಾಡಿ ಕೇಳಿದ್ದನ್ನು ಹಾಕುತ್ತಿದ್ದರು. ಅಂಗಡಿಯಲ್ಲಿ ತಟ್ಟೆ ಕೊಳ್ಳಲು ಯಾರ ಅಪ್ಪಣೆಯೂ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಜೂಕ್‌ಬಾಕ್ಸ್. ನಾಣ್ಯ ಹಾಕುವವರು ಗಂಡೋ ಹೆಣ್ಣೋ ಅಂತ ಆ ಯಂತ್ರ ನೋಡುವುದಿಲ್ಲ. ಒಂದೇ ಜೂಕ್‌ಬಾಕ್ಸಿನಲ್ಲಿ ಅವನ ಹಾಡೂ ಇತ್ತು, ಅವಳ ಹಾಡೂ ಇತ್ತು. ಒಬ್ಬರು ಅದನ್ನು ಒತ್ತಿದರೆ ಇನ್ನೊಬ್ಬರು ಎದ್ದು ಹೋಗಿ ಇದನ್ನು ಒತ್ತಬಹುದಿತ್ತು.

1952ರ ಆಗಸ್ಟಿನಲ್ಲಿ ಕಿಟ್ಟಿ ವೆಲ್ಸ್ ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಬಂದರು. ಆರು ವಾರ ಅಲ್ಲೇ. ಮೊದಲ ಅಲೆಯಲ್ಲೇ 8 ಲಕ್ಷಕ್ಕೂ ಹೆಚ್ಚು ತಟ್ಟೆ ಮಾರಾಟವಾದವು ಅಂತ ಬರೆಯುತ್ತಾರೆ. ಪಟ್ಟಣದವರ ಪಾಪ್ ಪಟ್ಟಿಯಲ್ಲೂ 27ನೇ ಸ್ಥಾನದವರೆಗೆ ಹೋಯಿತು. ಆ ಹೊತ್ತಿಗೆ ಆಪ್ರಿಯವರು ತಮ್ಮ ಅಭ್ಯಂತರ ನುಂಗಿಕೊಂಡು ಕಿಟ್ಟಿಯವರನ್ನು ಸದಸ್ಯೆಯನ್ನಾಗಿ ಸೇರಿಸಿಕೊಂಡರು. ಅದೇ ರೇಡಿಯೋದ ಎಂಜಿನಿಯರುಗಳು ತುಂಬಿಸಿಕೊಟ್ಟ ಹಾಡು ಕೊನೆಗೂ ಅದೇ ರೇಡಿಯೋಕ್ಕೆ ಮರಳಿತು.

ಕಾಕತಾಳೀಯ ನೋಡಿ, ಅದೇ 1952ರಲ್ಲಿ ನಮ್ಮ ದೇಶದಲ್ಲೂ ಇಂಥದೇ ಒಂದು ನಡೆಯಿತು. ಆ ವರ್ಷ ವಾರ್ತಾ ಮತ್ತು ಪ್ರಸಾರ ಸಚಿವರಾದ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡುಗಳು ಮರೆಯಾದವು. ಜನ ಏನು ಮಾಡಿದರು? ಮುಳ್ಳನ್ನು ರೇಡಿಯೋ ಸಿಲೋನ್ ಕಡೆ ತಿರುಗಿಸಿದರು. ಆ ಡಿಸೆಂಬರಿನಲ್ಲೇ ಅಮೀನ್ ಸಯಾನಿಯವರ ‘ಬಿನಾಕಾ ಗೀತಮಾಲಾ’ ಶುರುವಾಯಿತು. ಆಕಾಶವಾಣಿ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ತೆರೆಯಬೇಕಾಯಿತು. ಕೇಸ್ಕರ್ ಅವರ ಕಾರಣಗಳು ಬೇರೆ, ಶಾಸ್ತ್ರೀಯ ಸಂಗೀತದ ಮೇಲಿನ ಅವರ ಪ್ರೀತಿ ನಿಜವಾದದ್ದು. ಆದರೆ ಕೇಳುಗ ಮುಳ್ಳು ತಿರುಗಿಸುವ ರೀತಿ ಎಲ್ಲ ದೇಶದಲ್ಲೂ ಒಂದೇ.

ಕಿಟ್ಟಿಯ ಹಾಡಿನ ನಂತರ ಏನಾಯಿತು ಅನ್ನುವುದನ್ನು ಸ್ವಲ್ಪ ಬೇಗ ಹೇಳುತ್ತೇನೆ. ಬೇರೆ ಕಂಪನಿಗಳೂ ಗಾಯಕಿಯರನ್ನು ಹುಡುಕತೊಡಗಿದವು. 1953ರಲ್ಲಿ ಗೋಲ್ಡಿ ಹಿಲ್ ಇನ್ನೊಂದು ಜವಾಬಿನ ಹಾಡಿನಿಂದ ಮೊದಲ ಸ್ಥಾನ ಮುಟ್ಟಿದರು. ವೆಬ್ ಪಿಯರ್ಸ್ ಹಾಡಿದ್ದ ಗುಟ್ಟಿನ ಪ್ರೇಮದ ಹಾಡೊಂದಕ್ಕೆ ಕಿಟ್ಟಿಯವರೇ ಮತ್ತೆ ಜವಾಬು ಕೊಟ್ಟರು. ಇದರಲ್ಲಿ ವ್ಯಾಪಾರದ ಬುದ್ಧಿ ಇರಲೇ ಇಲ್ಲ ಅನ್ನುವ ಹಾಗಿಲ್ಲ. ಓಡುತ್ತಿರುವ ಹಾಡಿನ ಬಾಲ ಹಿಡಿದು ಇನ್ನೊಂದನ್ನು ಓಡಿಸುವುದು ಎಲ್ಲ ಕಂಪನಿಗಳಿಗೂ ಗೊತ್ತಿತ್ತು. 1959ರಲ್ಲಿ ಡೆಕ್ಕಾ ಕಿಟ್ಟಿಯವರಿಗೆ ಆಜೀವ ಕರಾರು ಬರೆದುಕೊಟ್ಟಿತು. ಪ್ಯಾಟ್ಸಿ ಕ್ಲೈನ್, ಲೊರೆಟ್ಟಾ ಲಿನ್, ಡಾಲಿ ಪಾರ್ಟನ್ ಬಂದದ್ದು ಈ ದಾರಿಯಲ್ಲೇ. ಆದರೂ 1975ರಲ್ಲಿ ಲೊರೆಟ್ಟಾ ಗರ್ಭನಿರೋಧಕ ಗುಳಿಗೆಯ ಬಗ್ಗೆ ‘ದ ಪಿಲ್’ ಹಾಡಿದಾಗ ಮತ್ತೆ ಹಲವು ನಿಲಯಗಳು ಅದನ್ನು ಹಾಕಲಿಲ್ಲ. 23 ವರ್ಷ ಕಳೆದಿತ್ತು. ಅದೂ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಏರಿತು.

ಹಾಡು ಬರೆದ ಮಿಲ್ಲರ್ ಬಗ್ಗೆ ಒಂದು ಮಾತು ಬಿಟ್ಟರೆ ಅರ್ಧ ಕಥೆ ಹೇಳಿದ ಹಾಗೆ. ಹೆಂಗಸಿನ ಪರವಾಗಿ ಲೆಕ್ಕ ಕೇಳಿದ ಈ ಮನುಷ್ಯ, ಕ್ರೌಲಿಯ ತನ್ನ ಸ್ಟುಡಿಯೋದಲ್ಲಿ ಸ್ಲಿಮ್ ಹಾರ್ಪೊ, ಲೈಟ್ನಿನ್ ಸ್ಲಿಮ್ ಅವರಂಥ ಕಪ್ಪು ಜನರ ಬ್ಲೂಸ್ ಗಾಯಕರ ಅದ್ಭುತ ಹಾಡುಗಳನ್ನು ರೆಕಾರ್ಡ್ ಮಾಡಿದರು. 1960ರ ದಶಕದಲ್ಲಿ ಅದೇ ಮನುಷ್ಯ ಕಪ್ಪು ಜನರನ್ನು ಹೀನಾಯವಾಗಿ ಜರೆಯುವ ತಟ್ಟೆಗಳನ್ನೂ ಹೊರತಂದರು. ಒಬ್ಬರ ದೂರು ಕೇಳಿಸಿದ ಕಿವಿಗೆ ಇನ್ನೊಬ್ಬರದು ಕೇಳಿಸಿರಲಿಲ್ಲ. ನನಗೆ ಇದನ್ನು ಹೇಗೆ ಹೊಂದಿಸಿಕೊಳ್ಳಬೇಕೋ ತಿಳಿಯುವುದಿಲ್ಲ. ಹಾಗೇ ಹೇಳಿಬಿಟ್ಟಿದ್ದೇನೆ.

ಕಿಟ್ಟಿ ವೆಲ್ಸ್ 1976ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್ ಸೇರಿದರು. ಕಾಪಾಡಬೇಕಾದ ಧ್ವನಿಮುದ್ರಣಗಳ ಅಮೆರಿಕದ ರಾಷ್ಟ್ರೀಯ ಪಟ್ಟಿಗೆ ಈ ಹಾಡು 2007ರ ಸಾಲಿನಲ್ಲಿ ಸೇರಿತು. ಗಂಡ ಹೆಂಡತಿ ಇಬ್ಬರೂ ಮುದಿವಯಸ್ಸಿನವರೆಗೆ ಒಟ್ಟಿಗೇ ಊರೂರು ತಿರುಗಿ ಹಾಡಿದರು. ಸುಮಾರು 74 ವರ್ಷದ ದಾಂಪತ್ಯ! ಜಾನಿ 2011ರಲ್ಲಿ ತೀರಿಕೊಂಡರು, ಕಿಟ್ಟಿ 2012ರ ಜುಲೈ 16ರಂದು, 92ನೇ ವಯಸ್ಸಿನಲ್ಲಿ. ಮೋಸಗಾರ ಗಂಡಸರ ಮೇಲೆ ದೇಶದ ಅತಿ ಪ್ರಸಿದ್ಧ ದೂರನ್ನು ಹಾಡಿದವರ ಸ್ವಂತ ಸಂಸಾರ ಹೀಗಿತ್ತು.

1993ರಲ್ಲಿ ಡಾಲಿ ಪಾರ್ಟನ್, ಲೊರೆಟ್ಟಾ ಲಿನ್, ಟ್ಯಾಮಿ ವೈನೆಟ್ ಮೂವರೂ ಸೇರಿ ಒಂದು ಆಲ್ಬಂ ಮಾಡಿದಾಗ ಮೊದಲ ಹಾಡಾಗಿ ಇದನ್ನೇ ಇಟ್ಟು, ಎಪ್ಪತ್ತು ದಾಟಿದ್ದ ಕಿಟ್ಟಿಯವರನ್ನು ಕರೆದು ಜೊತೆಗೆ ಹಾಡಿಸಿದರು. ಚೆನ್ನಾಗಿದೆ. ಆದರೆ ನೀವು ಮೊದಲು 1952ರದನ್ನೇ ಕೇಳಿ. ಇಂಟರ್‌ನೆಟ್ಟಿನಲ್ಲಿ ಎರಡೂ ಸುಲಭವಾಗಿ ಸಿಗುತ್ತವೆ. ಮೊದಲು ಹ್ಯಾಂಕ್ ಥಾಂಪ್ಸನ್, ಆಮೇಲೆ ಕಿಟ್ಟಿ ವೆಲ್ಸ್. ಎರಡೂ ಸೇರಿ ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು. ಹಿಂದಿನದು ಕೇಳದೆ ಇದನ್ನು ಕೇಳಿದರೆ ಫೋನಿನಲ್ಲಿ ಒಂದೇ ಕಡೆಯ ಮಾತು ಕೇಳಿದ ಹಾಗಾಗುತ್ತದೆ.

ಡೊಂಬಿವಲಿಯ ಕೇಳುಗರ ಕೋರಿಕೆಯನ್ನು ಬರುವ ಭಾನುವಾರದ ಪಟ್ಟಿಯಲ್ಲಿ ಬರೆದುಕೊಂಡಿದ್ದೇನೆ. ಗಂಡನ ಪದವೂ ಇರುತ್ತದೆ, ಅದರ ಬೆನ್ನಿಗೇ ಹೆಂಡತಿಯದು. ನಡುವೆ ನಾನು ಮಾತಾಡುವುದಿಲ್ಲ.